ಚಿಗವ್ವನ ಮಕ್ಕಳು ಮತ್ತು ಕಾಯಿದೆಯ ನೆತ್ತರು

ಪೇಪರು ಬಿಡಿಸಿದರೆ ಆಗಾಗ ಕಣ್ಣಿಗೆ ಬೀಳುವ ಮಾತೊಂದಿದೆ: 'ಮಲತಾಯಿ ಧೋರಣೆ'. ದಿಲ್ಲಿಯವರು ರಾಜ್ಯಕ್ಕೆ ದುಡ್ಡು ಕೊಡದಿದ್ದರೆ ಮಲತಾಯಿ ಧೋರಣೆ. ಬೆಂಗಳೂರಿನವರು ಬೀದರಿನವರನ್ನು ಮರೆತರೆ ಮಲತಾಯಿ ಧೋರಣೆ. ನಮ್ಮ ಸಂಘಟನೆಗಳ ಕರಪತ್ರಗಳೇನೂ ಇದರಿಂದ ಹೊರತಾಗಿಲ್ಲ. ಹಾಸ್ಟೆಲ್ ಹುಡುಗರ ಸ್ಕಾಲರ್‌ಶಿಪ್ ತಡವಾದರೆ 'ದಲಿತರ ಬಗ್ಗೆ ಸರ್ಕಾರದ ಮಲತಾಯಿ ಧೋರಣೆಯನ್ನು ಖಂಡಿಸುತ್ತೇವೆ' ಅಂತ ಬರೆದು ಗೋಡೆಗೆ ಅಂಟಿಸುತ್ತೇವೆ. ಹಾಗೆ ಬರೆಯುವ ನಮ್ಮ ಕೈಗಳಲ್ಲಿ ಎಷ್ಟು ಕೈ ಚಿಗವ್ವ ಕಟ್ಟಿಕೊಟ್ಟ ಮುದ್ದೆ ಮುರಿದು ಬೆಳೆದಿವೆ ಅನ್ನೋದನ್ನ ಮಾತ್ರ ನಾವು ಯಾರೂ ಎಣಿಸಿಲ್ಲ.

ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡನನ್ನು ಬಿಟ್ಟವಳು ಮತ್ತೊಬ್ಬನ ಜೊತೆ ಬಾಳುವೆ ಮಾಡುವುದು ನಮ್ಮ ಹಟ್ಟಿಗಳಲ್ಲಿ ಯಾವ ಸಮಾಜ ಸುಧಾರಕನೂ ಬಂದು ಕಲಿಸಿದ್ದಲ್ಲ. ಅದು ನಡೆದೇ ಇತ್ತು. ಹೆಂಡತಿ ಸತ್ತವನ ಮನೆಗೆ ಇನ್ನೊಬ್ಬಳು ಬರುವುದಂತೂ ಇದ್ದೇ ಇತ್ತು. ಇಂಥ ಮನೆಯಲ್ಲಿ ಅವನ ಮಕ್ಕಳು, ಅವಳ ಮಕ್ಕಳು, ಇಬ್ಬರಿಗೂ ಆದ ಮಕ್ಕಳು ಒಂದೇ ಸೂರಿನ ಕೆಳಗೆ ಬೆಳೆಯುತ್ತಾರೆ. ಇವರು ಒಬ್ಬರನ್ನೊಬ್ಬರು ಏನಂತ ಕರೆಯಬೇಕು? ಅವರ ಬಾಯಲ್ಲಿ ಯಾವ ಮಾತಿತ್ತು, ಬರೆಯುವವರ ಕೈಗೆ ಸಿಕ್ಕಾಗ ಆ ಮಾತು ಏನಾಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದನ್ನು ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಹುಡುಕಿ ಪ್ರಯೋಜನವಿಲ್ಲ; ರಾಜರುಗಳ ಪಟ್ಟಾಭಿಷೇಕಕ್ಕೇ ಅಲ್ಲಿ ಜಾಗ ಸಾಲದು.

ಮೊದಲು 'ಮಲ' ಅನ್ನುವ ಪದದ ಲೆಕ್ಕ ಚುಕ್ತಾ ಮಾಡೋಣ. ಮಲತಾಯಿ, ಮಲತಂದೆ, ಮಲಮಗ, ಮಲಮಗಳು ಎಂಬಲ್ಲಿ ಬರುವ 'ಮಲ' ಕನ್ನಡದ್ದೇ ಪದ. ಎರಡನೆಯದು ಎಂಬಷ್ಟೇ ಅದರ ಅರ್ಥ. ಹೊಲಸು ಎಂಬ ಅರ್ಥದ 'ಮಲ' ಸಂಸ್ಕೃತದಿಂದ ಬಂದದ್ದು. ಎರಡಕ್ಕೂ ಸಂಬಂಧವಿಲ್ಲ ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಸರಿಯೇ. ಆದರೆ ಮಗುವಿನ ಕಿವಿ ನಿಘಂಟು ನೋಡಿ ಕೇಳಿಸಿಕೊಳ್ಳುವುದಿಲ್ಲ. ಅದರಲ್ಲೂ ಊರಿನ ಹೇಲನ್ನು ತಲೆ ಮೇಲೆ ಹೊತ್ತ ಜನ ನಾವು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಅದೇ ಮಾತು ಹೇಳಲು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು. ಅಂಥ ಕೇರಿಯ ಮಗುವಿಗೆ 'ಮಲಮಗ' ಅಂತ ಹೆಸರಿಟ್ಟು, ಇದು ಆ ಮಲ ಅಲ್ಲಪ್ಪಾ, ಕನ್ನಡದ ಮಲ ಅಂತ ಪಂಡಿತರು ವಿವರಿಸಿದರೆ ಅದಕ್ಕೆ ಸಮಾಧಾನವಾಗುತ್ತದೆಯೇ?

ನಿಜ ಹೇಳಬೇಕೆಂದರೆ ಮನೆಯೊಳಗೆ ಯಾರೂ ಆ ಪದ ಬಳಸುವುದಿಲ್ಲ. 'ಮಲತಾಯೀ, ಅನ್ನ ಹಾಕು' ಅಂತ ಯಾವ ಮಗುವೂ ಕೂಗಿದ್ದನ್ನು ನಾವು ಕೇಳಿಲ್ಲ. ಅದು ಮೂರನೆಯವರು ಆಡುವ ಮಾತು. ಬೀದಿಯವರು, ಜಗಳಕ್ಕೆ ಬಂದವರು, ಕತೆ ಹೇಳುವವರು, ಕೋರ್ಟಿನವರು ಆಡುವ ಮಾತು. ಮನೆಯೊಳಗೆ ಅವಳು ಚಿಗವ್ವ. ಕೆಲವು ಕಡೆ ಚಿಕ್ಕಿ, ಕೆಲವು ಕಡೆ ಸಣ್ಣವ್ವ. ಅವ್ವನ ತಂಗಿಗೆ, ಚಿಕ್ಕಪ್ಪನ ಹೆಂಡತಿಗೆ ಯಾವ ಮಾತೋ ಅಪ್ಪನ ಎರಡನೆಯ ಹೆಂಡತಿಗೂ ಅದೇ ಮಾತು. ಅಕ್ಕ ಸತ್ತ ಮನೆಗೆ ತಂಗಿಯನ್ನೇ ತಂದುಕೊಳ್ಳುವ ರೂಢಿ ಇದ್ದುದರಿಂದ ಎಷ್ಟೋ ಸಲ ಅವಳು ಎರಡೂ ಲೆಕ್ಕದಲ್ಲಿ ಚಿಗವ್ವನೇ ಆಗಿರುತ್ತಿದ್ದಳು. ಹಾಗಲ್ಲದೆ ಬೇರೆ ಊರಿನ ಅಪರಿಚಿತ ಹೆಂಗಸಾದರೂ ಹೊಸಲು ದಾಟಿದ ದಿನದಿಂದ ಅವಳು ಚಿಗವ್ವ. ಅವ್ವನ ಜೊತೆ ಬಂದ ಮಗು ಆ ಮನೆಯ ಗಂಡಸನ್ನು ಚಿಗಪ್ಪ ಅನ್ನುತ್ತದೆ, ಇಲ್ಲವೇ ಅಪ್ಪ ಅಂತಲೇ ಅನ್ನುತ್ತದೆ.

ಇದರ ಕಹಿಯೂ ನಮ್ಮವರಿಗೆ ಗೊತ್ತಿತ್ತು. 'ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ' ಅನ್ನುವ ಗಾದೆ ಎಲ್ಲರೂ ಬಲ್ಲದ್ದು. ಹೊಸಬಳು ಚಿಗವ್ವನಾದರೆ ಅವಳ ಗಂಡ, ಹೆತ್ತ ಅಪ್ಪನೇ ಆದರೂ, ಚಿಗಪ್ಪನಾಗಿಬಿಡುತ್ತಾನೆ ಅನ್ನುವ ಸಂಕಟ ಅದರಲ್ಲಿದೆ. ಇಲ್ಲೊಂದನ್ನು ಗಮನಿಸಬೇಕು: ಈ ಗಾದೆ ದೂರುವುದು ಬಂದವಳನ್ನಲ್ಲ, ಗಂಡಸನ್ನು. ಮಲತಾಯಿ ಕತೆಗಳಲ್ಲಿ ಅಪ್ಪ ಅನ್ನಿಸಿಕೊಂಡವನು ಯಾವ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿರುತ್ತಾನೋ ಗೊತ್ತಾಗುವುದೇ ಇಲ್ಲ. ಗಾದೆ ಅವನನ್ನು ಬೀದಿಗೆ ಎಳೆಯುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಭಾಷೆಯ ಜಾಣತನ ಇನ್ನೂ ದೊಡ್ಡದು. ಅಪ್ಪನ ಅಣ್ಣತಮ್ಮಂದಿರ ಮಕ್ಕಳು, ಅವ್ವನ ಅಕ್ಕತಂಗಿಯರ ಮಕ್ಕಳು ನಮಗೆ ಅಣ್ಣ, ಅಕ್ಕ, ತಮ್ಮ, ತಂಗಿಯರೇ. ಅವರಿಗೆ ಬೇರೆ ಹೆಸರಿಲ್ಲ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಮಾತ್ರ ಬೇರೆ ಸಾಲು. ಅಲ್ಲಿ ಹೆಣ್ಣು ತರಬಹುದು, ಕೊಡಬಹುದು. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದವನು 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ನೆಂಟಸ್ತಿಕೆಯ ಪದಗಳನ್ನೂ ಪಟ್ಟಿ ಮಾಡಿ, ತನ್ನ ನಾಡಿನ ಮೂಲನಿವಾಸಿ ಸೆನೆಕಾ ಜನರಲ್ಲೂ ಇಂಥದೇ ಏರ್ಪಾಡಿದೆಯಲ್ಲಾ ಅಂತ ಬೆರಗಾಗಿದ್ದ. ಅವನು ಕಟ್ಟಿದ ಸಿದ್ಧಾಂತ ನಮಗೆ ಬೇಕಿಲ್ಲ. ನಮಗೆ ಬೇಕಾದ್ದು ಇಷ್ಟು: ಅಪ್ಪನ ಎರಡನೆಯ ಹೆಂಡತಿ ಚಿಗವ್ವ ಅಂತಾದ ಕೂಡಲೆ ಅವಳ ಮಕ್ಕಳು, ಹಿಂದಿನ ಗಂಡನಿಂದ ಆದವರೇ ಇರಲಿ, ಈ ಮನೆಯಲ್ಲಿ ಆದವರೇ ಇರಲಿ, ತಾವಾಗೇ ಅಣ್ಣತಮ್ಮ ಅಕ್ಕತಂಗಿಯರಾಗುತ್ತಾರೆ. ಅವರಿಗಾಗಿ ಹೊಸ ಪದ ಹುಟ್ಟಿಸಬೇಕಾಗಿಲ್ಲ. ಜಾಗ ಮೊದಲೇ ಇದೆ, ಬಂದು ಕೂತರಾಯಿತು. ತಮಿಳರಲ್ಲೂ ಬರಹದಲ್ಲಿ 'ಮಾಟ್ರಾಂದಾಯ್', ಮನೆಯಲ್ಲಿ 'ಚಿತ್ತಿ'. ಅಂದರೆ ಸಣ್ಣ ತಾಯಿ. ತೆಲುಗಿನಲ್ಲಿ 'ಸವತಿ ತಲ್ಲಿ' ಅನ್ನುವ ಮಾತಿದೆ, ಕರೆಯುವುದಕ್ಕೆ 'ಪಿನ್ನಿ' ಇದೆ.

ಇದು ಬರೀ ಬಾಯಿಮಾತಿನ ಮರ್ಯಾದೆ ಅಲ್ಲ. ಮದುವೆಯ ಮಾತು ಬಂದಾಗ ಇದರ ಬಿಗಿ ಕಾಣುತ್ತದೆ. ಗಂಡಿನ ಮೊದಲ ಹೆಂಡತಿಯ ಮಗ, ಅವ್ವನ ಸೆರಗು ಹಿಡಿದು ಬಂದ ಹುಡುಗಿ — ಇವರಿಬ್ಬರ ಮೈಯಲ್ಲಿ ಒಂದು ತೊಟ್ಟೂ ಹಂಚಿಕೊಂಡ ರಕ್ತವಿಲ್ಲ. ಬೆಡಗು ಅಪ್ಪನಿಂದ ಬರುವುದಾದ್ದರಿಂದ ಇಬ್ಬರ ಬೆಡಗೂ ಬೇರೆ. ಬೆಡಗಿನ ಲೆಕ್ಕ ಹಿಡಿದರೆ ಮದುವೆಗೆ ಅಡ್ಡಿಯಿಲ್ಲ. ಆದರೆ ವರಸೆಯ ಲೆಕ್ಕದಲ್ಲಿ ಅವರು ಅಣ್ಣತಂಗಿ. 'ಥೂ, ತಂಗಿ ವರಸೆ ಕಣೋ' ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಒಂದೇ ಒಲೆಯ ಅನ್ನ ತಿಂದು ಬೆಳೆದವರ ನಡುವೆ ರಕ್ತದಷ್ಟೇ ಗಟ್ಟಿಯಾದ ಗೆರೆಯನ್ನು ನಮ್ಮವರು ಒಂದು ಮಾತಿನಿಂದ ಎಳೆದಿದ್ದರು.

ಹಾಗಂತ ಎಲ್ಲ ಸಂಬಂಧವನ್ನೂ ಒಂದೇ ಅಂತ ಕಲಸಿಬಿಟ್ಟಿರಲೂ ಇಲ್ಲ. ಬೇರೆ ಮಾಡಿ ಹೇಳಬೇಕಾದಾಗ 'ಹಿರೀ ಹೆಂಡ್ತಿ ಮಕ್ಕಳು, ಕಿರೀ ಹೆಂಡ್ತಿ ಮಕ್ಕಳು', 'ಮೊದಲನೇವಳ ಮಗ' ಅನ್ನುತ್ತಿದ್ದರು. ಇವು ಗುರುತಿನ ಮಾತುಗಳು. ಯಾರಿಗೂ ಸೂತಕ ಅಂಟಿಸುವುದಿಲ್ಲ. ಒಂದೇ ಬಸಿರಿನವರಿಗೆ ಮಾತ್ರ ಒಡಹುಟ್ಟು ಎಂಬ ಪದ. ಒಡ ಅಂದರೆ ಜೊತೆ, ಜೊತೆಯಲ್ಲಿ ಹುಟ್ಟಿದವರು. 'ಬೆನ್ನಿಗೆ ಬಿದ್ದವರು' ಅಂತಲೂ ಉಂಟು. ಸಂಸ್ಕೃತದವರ 'ಸಹೋದರ' ಕೂಡ ಅದನ್ನೇ ಹೇಳುತ್ತದೆ: ಒಂದೇ ಉದರದವನು. ಎಂಥ ವೈದಿಕ ಪಂಡಿತನೂ 'ಸಹೋದರ' ಅಂದಾಗ ತಾಯಿಯ ಹೊಟ್ಟೆಯನ್ನೇ ಸಾಕ್ಷಿ ಕರೆಯುತ್ತಾನೆ. ಅಪ್ಪನ ಕಡೆಯಿಂದ ಬಂದ ಪದ ಯಾವುದು ಗೊತ್ತೆ? ದಾಯಾದಿ. ದಾಯ ಅಂದರೆ ಪಾಲು; ಪಾಲು ತೆಗೆದುಕೊಳ್ಳುವವನು. ಕನ್ನಡದಲ್ಲಿ ಈ ಮಾತಿಗೆ ಜಗಳಗಂಟ, ಹೊಟ್ಟೆಕಿಚ್ಚಿನವನು ಎಂಬ ಅರ್ಥ ಯಾಕೆ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ಪದ, ಹೊಟ್ಟೆಯದು ಒಂದು, ಪಾಲಿನದು ಇನ್ನೊಂದು, ನೆನಪಿರಲಿ. ಮುಂದೆ ಕಾಯಿದೆಯ ಹತ್ತಿರ ಬಂದಾಗ ಬೇಕಾಗುತ್ತವೆ.

ಈಗ ಕೂಡಿಕೆಗೆ ಬರೋಣ. ಹಳೇ ಮೈಸೂರಿನ ಕಡೆ ಕೂಡಿಕೆ, ಕೂಡಾವಳಿ, ಸೀರುಡಿಕೆ. ಉತ್ತರದ ಜಿಲ್ಲೆಗಳಲ್ಲಿ ಉಡಿಕೆ, ಉಡಿಕಿ. ಹೊಲೆಯರು, ಮಾದಿಗರಲ್ಲಿ ಮಾತ್ರವಲ್ಲ, ಒಕ್ಕಲು ಜಾತಿಗಳಲ್ಲಿ, ಕುರುಬರಲ್ಲಿ, ಲಿಂಗಾಯತರ ಹಲವು ಪಂಗಡಗಳಲ್ಲೂ ಇದು ಇತ್ತು. ಎಚ್.ವಿ. ನಂಜುಂಡಯ್ಯನವರು ಶುರುಮಾಡಿ ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರು ಜಾತಿಗಳ ಸಂಪುಟಗಳಲ್ಲಿ ಜಾತಿಯ ನಂತರ ಜಾತಿಗೆ ಇದು ದಾಖಲಾಗಿದೆ. ಹೊಸ ಸೀರೆ ಉಡಿಸುವುದೇ ಮುಖ್ಯ ಶಾಸ್ತ್ರ. ವಾಲಗ ಇಲ್ಲ, ಚಪ್ಪರ ಇಲ್ಲ. ಎಷ್ಟೋ ಕಡೆ ಹೊತ್ತು ಮುಳುಗಿದ ಮೇಲೆ, ಮುತ್ತೈದೆಯರನ್ನು ದೂರವಿಟ್ಟು ನಡೆಯುತ್ತಿತ್ತು. ತೆರದ ದುಡ್ಡು ಕನ್ಯೆಗಿಂತ ಕಡಿಮೆ, ಹಲವೆಡೆ ಅರ್ಧ.

ಕೂಡಿಕೆಯನ್ನು ಹೊಗಳಿ ಹಾಡು ಕಟ್ಟಲು ನಾವು ಕೂತಿಲ್ಲ. ಕೂಡಿಕೆಯಾದ ಹೆಂಗಸು ಹಸೆಗೆ ಕಾಲಿಡಬಾರದು, ಮದುವೆಯ ಶಾಸ್ತ್ರ ಮುಟ್ಟಬಾರದು ಎಂಬ ಕಟ್ಟು ಇತ್ತು. ಹಿಂದಿನ ಗಂಡನ ಮಕ್ಕಳನ್ನು ಅವನ ಮನೆಯವರೇ ಉಳಿಸಿಕೊಳ್ಳುವುದು ಸಾಮಾನ್ಯವಾಗಿತ್ತು; ಮೊಲೆ ಕುಡಿಯುವ ಕೂಸಾದರೆ ಮಾತ್ರ ಅವ್ವನ ಸೊಂಟದಲ್ಲಿ ಹೋಗುತ್ತಿತ್ತು. ಕೆಲವು ಜಾತಿಗಳಲ್ಲಂತೂ ಕೂಡಿಕೆಯವರ ಮಕ್ಕಳದ್ದೇ ಬೇರೆ 'ಸಾಲು' ಮಾಡಿ, ಧಾರೆಯೆರೆದ ಸಾಲಿನವರ ಜೊತೆ ಹೆಣ್ಣು ಕೊಟ್ಟು ತರುವುದನ್ನು ತಡೆದಿದ್ದರು. ಜಾತಿಯ ಬುದ್ಧಿ ನೋಡಿ. ತುಳಿಸಿಕೊಂಡವರ ಒಳಗೂ ಒಂದು ಮೆಟ್ಟಿಲು ಕಟ್ಟದೆ ಬಿಡಲಿಲ್ಲ. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಆ ಹೆಂಗಸು ತಲೆ ಬೋಳಿಸಿಕೊಂಡು ಕತ್ತಲೆ ಕೋಣೆಯಲ್ಲಿ ಕೂರಲಿಲ್ಲ. ಕೂಲಿಗೆ ಹೋದಳು, ಇನ್ನೊಂದು ಒಲೆ ಹೂಡಿದಳು, ಅವಳ ಮಕ್ಕಳಿಗೆ ಕರೆಯಲು ಒಬ್ಬ ಅಣ್ಣ, ಒಬ್ಬ ತಂಗಿ ಸಿಕ್ಕರು.

ಮೇಲುಜಾತಿಯಲ್ಲಿ ಏನಾಗಿತ್ತು? ಗಂಡಸು ಎರಡಲ್ಲ, ಮೂರು ಮದುವೆಯಾಗಬಹುದಿತ್ತು. ಹೆಂಗಸಿಗೆ ಒಂದೇ. ಹೀಗಾಗಿ ಅವರ ಮನೆಗಳಲ್ಲಿ ಮಲತಾಯಿ ಇರಲು ಸಾಧ್ಯ, ಮಲತಂದೆ ಇರಲು ಸಾಧ್ಯವಿಲ್ಲ. ನಮ್ಮ ಪುರಾಣಗಳನ್ನು ಒಮ್ಮೆ ತಿರುವಿ ನೋಡಿ. ಧ್ರುವನನ್ನು ಅಪ್ಪನ ತೊಡೆಯಿಂದ ಇಳಿಸಿದವಳು ಸುರುಚಿ. ರಾಮನನ್ನು ಕಾಡಿಗೆ ಅಟ್ಟಿದವಳು ಕೈಕೆ. ಬೈಗುಳ ತಿನ್ನಲು ಮಲತಾಯಂದಿರು ಸಾಲುಗಟ್ಟಿ ನಿಂತಿದ್ದಾರೆ. ಮಲತಂದೆಯ ಕತೆ ಒಂದನ್ನು ಹೇಳಿ ನೋಡೋಣ! 'ಮಲತಂದೆ' ಎಂಬ ಪದ ನಿಘಂಟಿನಲ್ಲಿದೆ, ಆದರೆ ಅದರ ಬೆನ್ನಿಗೆ ಕತೆಯಿಲ್ಲ, ಗಾದೆಯಿಲ್ಲ, 'ಮಲತಂದೆ ಧೋರಣೆ' ಅಂತ ಪೇಪರಿನವರು ಬರೆಯುವುದೂ ಇಲ್ಲ. ಕತೆ ಬರೆದವರ ಮನೆಯಲ್ಲಿ ಅಂಥವನು ಇರಲಿಲ್ಲ. ಇದ್ದ ಮನೆಯವರಿಗೆ ಬರೆಯಲು ಬರುತ್ತಿರಲಿಲ್ಲ. ಅವರ ವಿಧವೆ ಬಸಿರಾದರೆ ಬಾವಿಯೇ ಗತಿಯಾಗಿದ್ದ ಕಾಲದಲ್ಲಿ, 1863ರಲ್ಲಿ, ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಅಂಥವರಿಗೆ ಹೆರಿಗೆಯ ಆಸರೆ ಮಾಡಿದರು; ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ದತ್ತು ತೆಗೆದುಕೊಂಡು ಯಶವಂತನೆಂದು ಸಾಕಿದರು. ಹೆತ್ತವಳ ಜಾತಿ ಎಸೆದ ಮಗುವಿಗೆ ಮಾಲಿ ಜಾತಿಯ ದಂಪತಿ ಅಪ್ಪ ಅವ್ವ ಆದರು.

ಮಕ್ಕಳನ್ನು ಹೀಗೆ ವಿಂಗಡಿಸುವ ಕಸಬು ಬಹಳ ಹಳೆಯದು. ಮನುಸ್ಮೃತಿ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಮಕ್ಕಳನ್ನು ಪಟ್ಟಿ ಮಾಡುತ್ತದೆ. ಆರು ಜನಕ್ಕೆ ಪಾಲುಂಟು. ಉಳಿದ ಆರು ಜನ ನೆಂಟರು ಹೌದು, ಪಾಲಿಲ್ಲ. ಪಾಲಿಲ್ಲದವರಲ್ಲಿ ಮದುವೆಗೆ ಮುಂಚೆ ಹುಟ್ಟಿದ 'ಕಾನೀನ', ಬಸುರಿಯಾಗಿ ಬಂದ ಮದುವಣಗಿತ್ತಿಯ ಮಗ 'ಸಹೋಢ', ಮತ್ತೆ ಮದುವೆಯಾದವಳ ಮಗ 'ಪೌನರ್ಭವ', ಶೂದ್ರ ಹೆಂಗಸಿನ ಮಗ 'ಶೌದ್ರ' ಸೇರಿದ್ದಾರೆ. ಕೂಡಿಕೆಯ ಕೂಸು, ಶೂದ್ರಳ ಕೂಸು ಒಂದೇ ದೊಡ್ಡಿಯಲ್ಲಿ! 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟ ಪುಸ್ತಕದ ಹಾಳೆಗಳಲ್ಲಿ ಈ ಪಟ್ಟಿಯೂ ಇತ್ತೆಂಬುದು ನಮ್ಮ ವಿದ್ಯಾರ್ಥಿ ಮಿತ್ರರಿಗೆ ಗೊತ್ತಿರಲಿ.

ಆದರೆ ನಮ್ಮ ಹೊಲ ಮನೆಗಳ ಮೇಲೆ ನೇರವಾಗಿ ಕೂತದ್ದು ಮನುವಿಗಿಂತ ಹೆಚ್ಚಾಗಿ ಇನ್ನೊಂದು ಪುಸ್ತಕ. ಅದು ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ಟೀಕೆ ಬರೆದ. ಸಪಿಂಡ ಎಂದರೆ ಪಿಂಡದ ಅನ್ನ ಹಂಚಿಕೊಂಡವರಲ್ಲ, ಒಂದೇ ದೇಹದ ಕಣ ಹಂಚಿಕೊಂಡವರು ಎಂದು ಅರ್ಥ ಹೇಳಿದ. ಆಸ್ತಿಯ ಹಕ್ಕು ಮೈಯ ರಕ್ತಕ್ಕೆ ಅಂಟಿಕೊಂಡಿತು. ಸತ್ತವನಿಗೆ ಅಣ್ಣತಮ್ಮಂದಿರೇ ವಾರಸುದಾರರಾದಾಗ, ಒಂದೇ ತಾಯಿಯ ಸೋದರರು ಮೊದಲು, ಬೇರೆ ತಾಯಿಯ 'ಭಿನ್ನೋದರ'ರು ಆಮೇಲೆ ಎಂದ. ಇಲ್ಲಿ ಭೇದವೇನಿದ್ದರೂ ಒಂದೇ ಅಪ್ಪನ ಬೇರೆ ಬೇರೆ ಹೆಂಡಿರ ನಡುವೆ. ಒಬ್ಬ ತಾಯಿ, ಇಬ್ಬರು ಅಪ್ಪಂದಿರು ಅನ್ನುವ ಮನೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದ ನಡುವಿನಲ್ಲಿ ಶರಣರು ಇನ್ನೊಂದು ಬಗೆಯ ವಂಶಾವಳಿ ಬರೆದರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ಅಪ್ಪನ ಸ್ಥಾನದಲ್ಲಿ, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನ ಸ್ಥಾನದಲ್ಲಿಟ್ಟು ಹಾಡಿಕೊಂಡರು. ಇದನ್ನು ಬರೀ ವಿನಯ ಅಂತ ಓದಿಸುವ ಮೇಷ್ಟ್ರುಗಳಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ದೇಹದ ಕಣಕ್ಕೆ ಕಟ್ಟಿಹಾಕಿದ್ದ 'ಅಪ್ಪ', 'ಅಣ್ಣ' ಎಂಬ ಮಾತುಗಳನ್ನು ಬಿಡಿಸಿಕೊಂಡು ಬಂದು ಹೊಲಗೇರಿ ಮಾದಿಗೇರಿಯ ಬಾಗಿಲಲ್ಲಿ ಇಟ್ಟದ್ದು ಅದು. ಕೂಡಿಕೆಯ ಮನೆಯ ಮಗು ದಿನಾ ಮಾಡುವ ಕೆಲಸವನ್ನೇ ಅವರು ಊರಿಗೆ ಊರೇ ಕೇಳುವ ಹಾಗೆ ಮಾಡಿದರು. ಕೊನೆಗೆ ಕಲ್ಯಾಣದಲ್ಲಿ ನೆತ್ತರು ಹರಿಯಿತು, ಶರಣರು ಚದುರಿಹೋದರು. ವಿಜ್ಞಾನೇಶ್ವರನ ಪುಸ್ತಕ ಮಾತ್ರ ಉಳಿಯಿತು, ಬೆಳೆಯಿತು.

ಅದನ್ನು ಬೆಳೆಸಿದವರು ಇಂಗ್ಲಿಷರು. ಕೋಲ್‌ಬ್ರೂಕ್ ಎಂಬ ಕಂಪನಿ ಸರ್ಕಾರದ ಅಧಿಕಾರಿ 1810ರಲ್ಲಿ ಮಿತಾಕ್ಷರದ ದಾಯಭಾಗವನ್ನು ಇಂಗ್ಲಿಷಿಗೆ ತಂದ. ನ್ಯಾಯಾಧೀಶರ ಮೇಜಿನ ಮೇಲೆ ಅದು ಕೂತಿತು. ಸಂಸ್ಕೃತದ ಗಾಳಿಯೂ ಸೋಕದ ಜಾತಿಗಳ ಮಕ್ಕಳ ಪಾಲನ್ನೂ ಅದೇ ಪುಸ್ತಕ ತೀರ್ಮಾನಿಸತೊಡಗಿತು. ಆಮೇಲೆ ಬಂದದ್ದು 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ. ಈಶ್ವರಚಂದ್ರ ವಿದ್ಯಾಸಾಗರರ ದೊಡ್ಡ ಹೋರಾಟದ ಫಲ ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇವೆ. ಅದರ ಎರಡನೆಯ ಕಲಮನ್ನು ಯಾವ ಮೇಷ್ಟ್ರೂ ಓದಿಸಲಿಲ್ಲ: ವಿಧವೆ ಮರುಮದುವೆಯಾದರೆ ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು, ಅವಳೇ ಸತ್ತಂತೆ, ಹೋಗುತ್ತದೆ. ಮೂರನೆಯ ಕಲಮಿನ ಪ್ರಕಾರ ಸತ್ತವನ ಕಡೆಯವರು ಕೋರ್ಟಿಗೆ ಹೋಗಿ ಮಕ್ಕಳ ಪೋಷಕತ್ವವನ್ನು ಅವಳಿಂದ ಬಿಡಿಸಿಕೊಳ್ಳಬಹುದು. ಮರುಮದುವೆಯೇ ಇಲ್ಲದಿದ್ದ ಮೇಲುಜಾತಿಯ ಹೆಂಗಸಿಗೆ ಈ ಕಾಯಿದೆ ಒಂದು ಬಾಗಿಲು ತೆರೆಯಿತು. ಮೊದಲಿಂದಲೂ ಬಾಗಿಲು ತೆರೆದೇ ಇದ್ದ ಜಾತಿಗಳ ಹೆಂಗಸಿಗೆ? ರೂಢಿಯಿದ್ದವರಿಗೆ ಈ ಕಾಯಿದೆ ಬೇಕಿರಲಿಲ್ಲ, ಆದ್ದರಿಂದ ಅದರ ದಂಡವೂ ತಗಲುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟು ಹೇಳಿತು. ಬೊಂಬಾಯಿ, ಮದರಾಸು ಹೈಕೋರ್ಟುಗಳು ಅವರಿಗೂ ಹಕ್ಕು ಹೋಗುತ್ತದೆ ಎಂದವು. ಬೆಳಗಾವಿ, ಧಾರವಾಡ, ಬಿಜಾಪುರ ಆಗ ಬೊಂಬಾಯಿಯ ಕೆಳಗಿದ್ದವು; ಬಳ್ಳಾರಿ, ಮಂಗಳೂರು ಮದರಾಸಿನ ಕೆಳಗೆ. ಉಡಿಕೆಯ ಸೀರೆ ಉಟ್ಟ ನಮ್ಮ ಅಜ್ಜಿಯರು ಗಂಡನ ತುಂಡು ನೆಲವನ್ನು ಕಳೆದುಕೊಳ್ಳಲು ಸುಧಾರಣೆಯ ಕಾಯಿದೆಯೇ ಹತಾರವಾಯಿತು. ಅದು ಕಾಯಿದೆ ಪುಸ್ತಕದಿಂದ ರದ್ದಾಗಿ ಹೋದದ್ದು 1983ರಲ್ಲಿ.

ಸ್ವತಂತ್ರ ಭಾರತ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ತಂದಿತು. ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಅದು ಕೊಟ್ಟದ್ದು ದೊಡ್ಡದು, ಅಲ್ಲಗಳೆಯುವಂತಿಲ್ಲ. ಆದರೆ ಅದರ ಮೂರನೆಯ ಕಲಮಿನಲ್ಲಿ ನೆತ್ತರನ್ನು ಮೂರು ಬಗೆ ಮಾಡಿದ್ದಾರೆ. ಒಬ್ಬನ ಒಬ್ಬಳೇ ಹೆಂಡತಿಯ ಮಕ್ಕಳದ್ದು ಪೂರ್ಣ ರಕ್ತ. ಒಬ್ಬನ ಬೇರೆ ಬೇರೆ ಹೆಂಡಿರ ಮಕ್ಕಳದ್ದು ಅರ್ಧ ರಕ್ತ. ಒಬ್ಬಳ ಬೇರೆ ಬೇರೆ ಗಂಡಂದಿರ ಮಕ್ಕಳದ್ದು ಬರೀ ಗರ್ಭಸಂಬಂಧದ ರಕ್ತ. ಹದಿನೆಂಟನೆಯ ಕಲಮು ಪೂರ್ಣದವರನ್ನು ಅರ್ಧದವರಿಗಿಂತ ಮುಂದೆ ನಿಲ್ಲಿಸುತ್ತದೆ. ವಿಜ್ಞಾನೇಶ್ವರನ ಸೋದರ–ಭಿನ್ನೋದರ ಲೆಕ್ಕವೇ ಅದು. ಮೂರನೆಯವರ ಗತಿ ಏನು? ಕಾಯಿದೆಯ ಕೊನೆಗಿರುವ ಪಟ್ಟಿಯಲ್ಲಿ, ಎರಡನೆಯ ವರ್ಗದ ವಾರಸುದಾರರ ಕೆಳಗೆ, ಒಂದು ವಿವರಣೆ ಇದೆ: ಇಲ್ಲಿ ಸಹೋದರ, ಸಹೋದರಿ ಎಂದರೆ ಗರ್ಭಸಂಬಂಧದಿಂದಷ್ಟೇ ಆದ ಸಹೋದರ ಸಹೋದರಿಯರು ಸೇರುವುದಿಲ್ಲ.

ಗೆಳೆಯರೇ, ಇದನ್ನು ಇನ್ನೊಮ್ಮೆ ಓದಿ. ಸಹೋದರ ಎಂಬ ಪದದ ಅರ್ಥವೇ ಒಂದು ಹೊಟ್ಟೆಯವನು. ಒಡಹುಟ್ಟು ಎಂಬ ಪದದ ಅರ್ಥವೇ ಒಂದು ಬಸಿರಿನವರು. ಹೊಟ್ಟೆಯಿಂದ ಮಾತ್ರ ಸಹೋದರನಾದವನನ್ನು ಸಹೋದರ ಅನ್ನಬಾರದು ಅನ್ನುತ್ತದೆ ಕಾಯಿದೆ! ನಮ್ಮ ಪದ ಹೊಟ್ಟೆಯನ್ನು ಸಾಕ್ಷಿ ಕರೆದರೆ ಕಾಯಿದೆ ಪಾಲನ್ನು ಸಾಕ್ಷಿ ಕರೆಯುತ್ತದೆ. ಈ ವಿವರಣೆಯ ಪ್ರಕಾರ ಕರ್ಣ ಧರ್ಮರಾಯನ ಅಣ್ಣ ಅಲ್ಲ. ಮನುವಿನ ಪಟ್ಟಿಯಲ್ಲಿ ಅವನು ಕಾನೀನ, ಊರಿನ ಬಾಯಲ್ಲಿ ಸೂತನ ಮಗ. ಅವನು ಮಾತ್ರ ಸಾಕಿದವಳ ಹೆಸರಿನಿಂದ ರಾಧೇಯ ಎಂದೇ ಉಳಿದುಕೊಂಡ. ಸಾವಿರ ವರ್ಷದ ಹಿಂದೆ, 941ರ ಸುಮಾರಿಗೆ, ಆಸ್ಥಾನದಲ್ಲಿ ಕೂತು ಅರ್ಜುನನ ಹೆಸರಿನಲ್ಲಿ ತನ್ನ ಅರಸನನ್ನು ಹೊಗಳಬೇಕಾಗಿದ್ದ ಪಂಪನಿಗೂ ಕರ್ಣನ ಮೇಲಿನ ಮಮತೆ ಅಡಗಿಸಲಾಗಲಿಲ್ಲ.

ಇದೆಲ್ಲ ಬರೀ ಪದದ ಜಗ್ಗಾಟ ಅಂತ ಯಾರಾದರೂ ಅಂದರೆ ಅವರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ನೋಡಲಿ. ಪಿಟಿಸಿಎಲ್ ಎಂದು ನಾವೆಲ್ಲ ಕರೆಯುವ 1978ರ ಕಾಯಿದೆ ಇದೆಯಲ್ಲ, ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋಗಿದ್ದರೆ ಮೂಲ ಮಂಜೂರುದಾರನಿಗೆ ಇಲ್ಲವೇ ಅವನ ಕಾನೂನುಬದ್ಧ ವಾರಸುದಾರರಿಗೆ ಮರಳಿ ಕೊಡಿಸಬೇಕು ಅನ್ನುತ್ತದೆ. ವಾರಸುದಾರ ಯಾರು ಅಂದಾಗ ವಂಶವೃಕ್ಷ ತನ್ನಿ ಅನ್ನುತ್ತಾರೆ. ಆ ವೃಕ್ಷಕ್ಕೆ ಕೊಂಬೆಗಳು ಹೇಗೆ ಚಿಗುರಬೇಕು ಅನ್ನೋದು ಮೊದಲೇ ಗೀಚಿಟ್ಟಿದ್ದಾರೆ. ಮಂಜೂರುದಾರನ ಜೊತೆ ಮೂವತ್ತು ವರ್ಷ ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದ, ಅವನ ಹೆಣಕ್ಕೆ ಹೆಗಲು ಕೊಟ್ಟ, ಕೂಡಿಕೆಯ ಅವ್ವನ ಸೊಂಟದಲ್ಲಿ ಬಂದ ಮಗನಿಗೆ ಅದರಲ್ಲಿ ಕೊಂಬೆಯಿಲ್ಲ. ಚಿಗವ್ವನ ಸ್ವಂತ ದುಡಿಮೆಯ ಆಸ್ತಿಯಲ್ಲೂ ಅವಳು ಸಾಕಿದ ಗಂಡನ ಮಕ್ಕಳು ಅವಳ 'ಮಕ್ಕಳು' ಎಂಬ ಸಾಲಿಗೆ ಬರುವುದಿಲ್ಲ, ಗಂಡನ ವಾರಸುದಾರರು ಎಂಬ ಹಿಂದಿನ ಸಾಲಿಗೆ ಹೋಗಬೇಕು ಎಂದು ಸುಪ್ರೀಂ ಕೋರ್ಟು 1987ರಲ್ಲೇ ತೀರ್ಪು ಕೊಟ್ಟಿದೆ. ಒಂದು ಕಡೆ ಸ್ವಲ್ಪ ಬೆಳಕು ಕಂಡಿದೆ. ಮೊದಲ ಮದುವೆ ಇರುವಾಗಲೇ ಆದ ಎರಡನೆಯ ಮದುವೆಯ ಮಕ್ಕಳ ಬಗ್ಗೆ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಒಟ್ಟುಕುಟುಂಬದ ಆಸ್ತಿಯಲ್ಲಿ ಅವರ ಅಪ್ಪನಿಗೆ ಬರಬಹುದಾಗಿದ್ದ ಪಾಲಿನಲ್ಲಿ ಆ ಮಕ್ಕಳಿಗೂ ಹಕ್ಕುಂಟು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಲ್ಲೂ ದಾರಿ ಅಪ್ಪನ ರಕ್ತದ್ದೇ. ಅಪ್ಪನ ರಕ್ತವಿಲ್ಲದೆ ಬರೀ ಅನ್ನದಿಂದ, ದುಡಿಮೆಯಿಂದ ಮಗನಾದವನಿಗೆ ದತ್ತು ಪತ್ರ ಇಲ್ಲವೇ ಉಯಿಲು, ಇವೆರಡೇ ದಾರಿ. ಹೆಬ್ಬೆಟ್ಟಿನ ಅಪ್ಪಂದಿರಲ್ಲಿ ಎಷ್ಟು ಜನ ಉಯಿಲು ಬರೆಸಿ ಸತ್ತಾರು?

ಈ ಕತೆ ನಮ್ಮ ದೊಡ್ಡವರ ಮನೆಯಲ್ಲೂ ನಡೆದಿದೆ. ಬಾಲಕ ಭೀಮರಾವ್ ತಾಯಿಯನ್ನು ಕಳೆದುಕೊಂಡಾಗ ಇನ್ನೂ ಎಳೆಯ. ಗೂನುಬೆನ್ನಿನ ಸೋದರತ್ತೆ ಮೀರಾಬಾಯಿ ಸಾಕಿದಳು. ತಂದೆ ರಾಮಜಿ ಸಕ್ಪಾಲ್ ಮತ್ತೊಂದು ಮದುವೆಯಾದರು. ಸತ್ತ ಅವ್ವನ ಒಡವೆಯನ್ನು ಹೊಸಬಳು ತೊಟ್ಟದ್ದನ್ನು ಹುಡುಗ ಸಹಿಸಲಿಲ್ಲ ಎಂದು ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಆ ಸಂಕಟವನ್ನು ನಾವು ಸುಳ್ಳು ಅನ್ನುವುದಿಲ್ಲ. ಅದೇ ಬಾಬಾಸಾಹೇಬರು, ರಮಾಬಾಯಿ 1935ರಲ್ಲಿ ತೀರಿಕೊಂಡ ಮೇಲೆ, 1948ರ ಏಪ್ರಿಲ್ 15ರಂದು ಡಾ. ಶಾರದಾ ಕಬೀರರನ್ನು ಮದುವೆಯಾದರು. ಸವಿತಾ ಎಂದು ಹೆಸರಾದ ಆಕೆ ಬ್ರಾಹ್ಮಣ ಜಾತಿಯಲ್ಲಿ ಹುಟ್ಟಿದವರು. ಬೆಳೆದ ಮಗ ಯಶವಂತನಿಗೆ ಆಕೆ ಏನಾಗಬೇಕು ಎಂಬುದಕ್ಕೆ ನಿಘಂಟು ಒಂದು ಪದ ಇಟ್ಟುಕೊಂಡಿತ್ತು. ಜನ ಬೇರೆ ಪದ ತೆಗೆದರು: ಮಾಯಿ. ಮರಾಠಿಯಲ್ಲಿ ಹಾಗೆಂದರೆ ತಾಯಿ. ಆದರೆ 1956ರ ಡಿಸೆಂಬರ್ 6ರ ನಂತರ ಇದೇ ಚಳವಳಿಯ ಕೆಲವರು ಆಕೆಯ ಮೇಲೆ ಸಂಶಯದ ಕೆಸರು ಎರಚಿದರು. ಜಾತಿಯ ಸಿಟ್ಟು ಅದರಲ್ಲಿತ್ತು ಎಂಬುದು ನಿಜ. ಮಲತಾಯಿ ಕತೆ ಕೇಳಿ ಕೇಳಿ ಹದವಾಗಿದ್ದ ಕಿವಿಗಳೂ ಅದರ ಜೊತೆಗಿದ್ದವು ಅಂತ ನಮಗನ್ನಿಸುತ್ತದೆ. ವರ್ಷಾನುಗಟ್ಟಲೆ ಆಕೆ ಒಂಟಿಯಾಗಿ ದೂರ ಉಳಿದರು. ಮತ್ತೆ ಕರೆತಂದು 'ಮಾಯಿ' ಅಂದವರು ದಲಿತ ಪ್ಯಾಂಥರ್ ತಲೆಮಾರಿನ ಹುಡುಗರು. 1990ರಲ್ಲಿ ಬಾಬಾಸಾಹೇಬರ ಭಾರತರತ್ನವನ್ನು ಕೈನೀಡಿ ತೆಗೆದುಕೊಂಡವರು ಆಕೆಯೇ. ತೀರಿಕೊಂಡದ್ದು 2003ರಲ್ಲಿ.

ನಮ್ಮ ತಲೆಮಾರಿನ ಮಾತನ್ನೂ ಆಡಬೇಕು. ಜಾತಿ ಮೇಲೇರಲು ಹೊರಟಾಗ ಮೊದಲು ಬಿಡುವ ರೂಢಿಗಳಲ್ಲಿ ವಿಧವೆಯ ಮರುಮದುವೆ ಒಂದು ಎಂದು ಎಂ.ಎನ್. ಶ್ರೀನಿವಾಸರು ಬಹಳ ಹಿಂದೆಯೇ ಗುರುತಿಸಿದ್ದರು. ಓದಿದ ನಾವು ಅದನ್ನೇ ಮಾಡುತ್ತಿದ್ದೇವೆ. ಕೆಲಸ ಸಿಕ್ಕಿ ಟೌನಿನಲ್ಲಿ ಮನೆ ಮಾಡಿದ ನಮ್ಮವರು ಅಜ್ಜಿ ಕೂಡಿಕೆಯಾಗಿ ಬಂದವಳು ಅನ್ನೋದನ್ನ ಮುಚ್ಚಿಡುತ್ತಾರೆ. 'ಕೂಡಿಕೆಯವಳು' ಅನ್ನುವುದು ಬೈಗುಳವಾಗಿದೆ. ಗಂಡ ಸತ್ತ ಇಪ್ಪತ್ತೈದರ ಅಕ್ಕನನ್ನು ಮನೆಯಲ್ಲಿ ಕೂರಿಸಿಕೊಂಡು, ನಮ್ಮಲ್ಲಿ ಹಾಗೆಲ್ಲ ಇಲ್ಲ ಅನ್ನುವ ಗ್ರಾಜುಯೇಟುಗಳಿದ್ದಾರೆ. ಇಲ್ಲವಂತೆ! ಅವರ ಅಜ್ಜಿ ಕೇಳಿಸಿಕೊಂಡಿದ್ದರೆ ನಕ್ಕು ಸಾಯುತ್ತಿದ್ದಳು. ಮನೆಗಳಲ್ಲಿ ಚಿಗವ್ವ ಹೋಗಿ 'ಆಂಟಿ' ಬಂದಿದ್ದಾಳೆ. ಪಕ್ಕದ ಮನೆಯವಳಿಗೂ ಅದೇ, ಅಂಗಡಿಯವಳಿಗೂ ಅದೇ. ಚಿಗವ್ವ ಅಂದರೆ ಅವಳ ಮಕ್ಕಳು ಅಣ್ಣತಮ್ಮ ಆಗುತ್ತಿದ್ದರು. ಆಂಟಿಯ ಮಕ್ಕಳು ಏನೂ ಆಗುವುದಿಲ್ಲ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಮಿತ್ರರಲ್ಲಿ ನಮ್ಮದೊಂದು ಕೇಳಿಕೆ ಇದೆ. ಅಡ್ಮಿಷನ್ ಪುಸ್ತಕದಲ್ಲಿ 'ತಂದೆಯ ಹೆಸರು' ಬರೆಸುವಾಗ ಕೆಲವು ಮಕ್ಕಳು ತಡವರಿಸುವುದನ್ನು ನೀವು ನೋಡಿರುತ್ತೀರಿ. ಆ ಮಗುವಿನ ಅಜ್ಜಿಯನ್ನು ಕಂಡು ಮಾತಾಡಿಸಿ. ಕೂಡಿಕೆಗೆ ನಿಮ್ಮ ಸೀಮೆಯಲ್ಲಿ ಏನನ್ನುತ್ತಾರೆ, ಅವ್ವನ ಜೊತೆ ಬಂದ ಕೂಸನ್ನು ಏನಂತ ಕರೆಯುತ್ತಿದ್ದರು, ಅದಕ್ಕೆ ಯಾರ ಬೆಡಗು ಹೇಳುತ್ತಿದ್ದರು, ಮದುವೆಯಲ್ಲಿ ಅದರ ಪರವಾಗಿ ಯಾರು ಎದ್ದು ನಿಲ್ಲುತ್ತಿದ್ದರು, ಪಾಲು ಹಂಚುವಾಗ ಪಂಚಾಯ್ತಿಯವರು ಅದಕ್ಕೆ ಏನು ಕೊಟ್ಟರು, ಇವಿಷ್ಟನ್ನು ಅವರ ಬಾಯಿಮಾತಿನಲ್ಲೇ, ತಿದ್ದದೆ, ಬರೆದುಕೊಳ್ಳಿ. ಊರು, ತಾಲ್ಲೂಕು ನಮೂದಿಸಿ, ಮಗುವಿನ ಮನೆಯವರ ಹೆಸರು ಬಿಟ್ಟು, ಪತ್ರಿಕೆಗೆ ಕಳಿಸಿ. ಬಂದಷ್ಟನ್ನು ಅಚ್ಚು ಹಾಕುತ್ತೇವೆ.